ಕಂಪ್ಯೂಟರ್ ನಿಧಾನ ಅಂತ ಶಾಸನವನ್ನು ಕುಗ್ಗಿಸಬೇಕೆ?

ಪಡಿಯಚ್ಚುಗಳನ್ನು ಸ್ಕ್ಯಾನ್ ಮಾಡಿ ಓದುವ ಆಸಕ್ತರಲ್ಲಿ ಒಂದು ರೂಢಿ ಬೆಳೆದಿದೆ. ಫೈಲು ದೊಡ್ಡದು, ಕಂಪ್ಯೂಟರ್ ತಡವರಿಸುತ್ತೆ. ಹಾಗಾಗಿ ಮೊದಲು ಚಿತ್ರವನ್ನು ಕುಗ್ಗಿಸಿ ಜೆಪೆಗ್ ಮಾಡಿಕೊಂಡು, ಆಮೇಲೆ ಓದೋದು. ಇದನ್ನು ನಾನು ಒಪ್ಪುವುದಿಲ್ಲ.

ಹಳೆಯ ಕನ್ನಡ ಲಿಪಿಯಲ್ಲಿ ಪಕಾರ, ವಕಾರಗಳ ಭೇದ ಅನೇಕ ಕಡೆ ಅಕ್ಷರದ ತಲೆ ತೆರೆದಿದೆಯೋ ಮುಚ್ಚಿದೆಯೋ ಎಂಬುದರಲ್ಲೇ ಇರುತ್ತೆ. ಸವೆದ ಕಲ್ಲಿನಲ್ಲಿ ಆ ಸಂದು ತೀರಾ ಸಣ್ಣದು. ಕುಗ್ಗಿಸಿದಾಗ ಅಕ್ಕಪಕ್ಕದ ಪಿಕ್ಸೆಲ್‌ಗಳು ಬೆರೆತು ಅದು ಮುಚ್ಚಿಹೋಗಬಹುದು. ಜೆಪೆಗ್ ಚಿತ್ರವನ್ನು 8x8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ವಿವರ ಕಳೆಯುತ್ತೆ. ಹೆಚ್ಚು ಒತ್ತಿದ ಫೈಲನ್ನು ಶಾರ್ಪನ್ ಮಾಡಿದರೆ ಚೌಕದ ಅಂಚೇ ಗೆರೆಯಂತೆ ಎದ್ದು ಕಾಣುತ್ತೆ. ಹೀಗೆ ಊರಿನ ಹೆಸರು ತಪ್ಪಾಗಿ ಅಚ್ಚಾದರೆ, ಮುಂದಿನವರೂ ಅದನ್ನೇ ಉಲ್ಲೇಖಿಸ್ತಾರೆ. ಅಷ್ಟರಲ್ಲಿ ಕಲ್ಲೇ ಕಳೆದುಹೋಗಿದ್ದರೆ ತಿದ್ದೋದು ಹೇಗೆ?

ಕಂಪ್ಯೂಟರ್ ಎಲ್ಲಿ ಸೋಲುತ್ತೆ ನೋಡಿ. 20,000 x 15,000 ಪಿಕ್ಸೆಲ್‌ಗಳ ಸ್ಕ್ಯಾನ್ ಅಂದರೆ 30 ಕೋಟಿ ಪಿಕ್ಸೆಲ್. 16 ಬಿಟ್ ಬಣ್ಣದಲ್ಲಿ ಒಂದಕ್ಕೆ 6 ಬೈಟ್. ತೆರೆದರೆ ಸುಮಾರು 1.8 ಜಿಬಿ. ಪೂರ್ತಿ ಚಿತ್ರದ ಇನ್ನೊಂದು ಪದರ ಸೇರಿಸಿದರೆ ಮತ್ತೆ ಅಷ್ಟೇ. ಹಿಂದಿನ ಹೆಜ್ಜೆಗೆ ಮರಳಲು ಉಳಿಸಿಕೊಳ್ಳುವ ಪ್ರತಿಗಳು ಬೇರೆ. ರ‍್ಯಾಮ್ ತುಂಬಿದಾಗ ಕೆಲಸ ಡಿಸ್ಕಿಗೆ ಹೋಗುತ್ತೆ. ಅದು ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಮುಗೀತು.

ಮಸಿಯ ಪಡಿಯಚ್ಚಿಗೆ ಬಣ್ಣ ಯಾಕೆ ಬೇಕು? ಮೂಲವನ್ನು ಮುಟ್ಟದೆ, ಅದರ ಪ್ರತಿಯೊಂದನ್ನು 16 ಬಿಟ್ ಗ್ರೇಸ್ಕೇಲ್ ಮಾಡಿ: ಒಂದಕ್ಕೆ 2 ಬೈಟ್, ಒಟ್ಟು 0.6 ಜಿಬಿ. ಒಂದು ಪಿಕ್ಸೆಲ್ಲೂ ಕಳೆಯಲಿಲ್ಲ, ಹೊರೆ ಮೂರನೇ ಒಂದು ಭಾಗಕ್ಕಿಳಿಯಿತು. ಫೋಟೊಶಾಪ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕನ್ನು, ಗಿಂಪ್‌ನಲ್ಲಿ ಸ್ವ್ಯಾಪ್ ಫೋಲ್ಡರನ್ನು ಎಸ್‌ಎಸ್‌ಡಿಗೆ ಬದಲಿಸಿ. ಹಿಸ್ಟರಿಯ ಹೆಜ್ಜೆಗಳನ್ನು ಕಡಿಮೆ ಮಾಡಿ. ಪೆನ್‌ಡ್ರೈವ್‌ನಿಂದ ನೇರವಾಗಿ ಫೈಲು ತೆರೆಯಬೇಡಿ. ಇಷ್ಟಾದರೂ ಎಳೆದಾಡಿದರೆ, ಒಂದೊಂದು ಸಾಲನ್ನು ಮೇಲೆ ಕೆಳಗೆ ಸ್ವಲ್ಪ ಅಂಚು ಬಿಟ್ಟು ಪೂರ್ಣ ಗಾತ್ರದಲ್ಲೇ ಕತ್ತರಿಸಿಕೊಂಡು ಓದಿ.

ವಾಟ್ಸಾಪ್‌ನಲ್ಲಿ ಹಂಚಲು ಸಣ್ಣ ಪ್ರತಿ ಇರಲಿ, ತಕರಾರಿಲ್ಲ. ಆದರೆ ಶಾಸನಪಾಠ ಪ್ರಕಟಿಸುವಾಗ ಯಾವ ಫೈಲಿನಿಂದ, ಎಷ್ಟು ಪಿಕ್ಸೆಲ್‌ನಲ್ಲಿ ಓದಿದ್ದು ಎಂದು ಒಂದು ಸಾಲು ಬರೆಯಿರಿ. ಪಾಠವನ್ನು ಎಷ್ಟು ನಂಬಬೇಕು ಅಂತ ಓದುಗರಿಗೆ ಗೊತ್ತಾಗಲಿ.