ಬಲಿಪೀಠದ ಪಕ್ಕ ಡ್ರಮ್ ಸೆಟ್

ಗೋವಾದ ಇಗರ್ಜಿಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಯುವಜನರ ಪೂಜೆಗೆ ಗಿಟಾರ್, ಕೀಬೋರ್ಡ್, ಡ್ರಮ್ ಸೆಟ್ ಬರುವುದು ಹೊಸತೇನಲ್ಲ. ಕುಣಿತದ ಸಂಗೀತಕ್ಕೆ ದೇವರ ಮುಂದೆ ಏನು ಕೆಲಸ ಎಂಬ ಹಿರಿಯರ ಆಕ್ಷೇಪವೂ ಹಳೆಯದೇ. ಆದರೆ ಗೋವಾದಲ್ಲಿ ನಿಂತು ಈ ಮಾತು ಹೇಳುವುದು ಕಷ್ಟ.

ಪೋರ್ಚುಗೀಸರ ಕಾಲದ ಇಗರ್ಜಿ ಶಾಲೆಗಳಲ್ಲಿ ಮೆಸ್ತ್ರೆ ಎಂಬ ಸಂಗೀತ ಗುರುಗಳು ಊರ ಹುಡುಗರಿಗೆ ಸ್ವರಲಿಪಿ ಓದುವುದನ್ನೂ ಪಿಟೀಲನ್ನೂ ಕಲಿಸಿದರು. ಭಾನುವಾರ ಪೂಜೆಗೆ ನುಡಿಸಿದ ಅದೇ ಪಿಟೀಲು ಮದುವೆ ಮನೆಯಲ್ಲಿ ಮಾಂಡೊ ಎಂಬ ಕೊಂಕಣಿ ಕುಣಿತದ ಹಾಡನ್ನು ನುಡಿಸಿತು. ಮುಂಬೈಯ ಸಿನಿಮಾ ವಾದ್ಯವೃಂದಗಳಲ್ಲಿ ಹೆಸರು ಮಾಡಿದ ಆಂಥೋನಿ ಗೊನ್ಸಾಲ್ವಿಸ್ ಅವರ ತಂದೆ ಮಜೋರ್ಡಾ ಇಗರ್ಜಿಯಲ್ಲಿ ಗಾಯನ ಕಲಿಸುತ್ತಿದ್ದವರು. ಇತ್ತ ನೆಲದ ಸಂಗೀತಕ್ಕೆ ಮಾತ್ರ ಬಾಗಿಲು ಮುಚ್ಚಿತ್ತು. 1736ರಲ್ಲಿ ಚರ್ಚಿನ ಧರ್ಮವಿಚಾರಣಾ ನ್ಯಾಯಮಂಡಳಿಯಾದ ಇನ್‌ಕ್ವಿಸಿಷನ್ ಹೊರಡಿಸಿದ ಶಾಸನ ಮದುವೆಯಲ್ಲಿ ಹಾಡುವ ಓವಿ ಎಂಬ ಜನಪದ ಹಾಡುಗಳನ್ನೂ ನಿಷೇಧಿಸಿತು. 1903ರಲ್ಲಿ ಹತ್ತನೇ ಪಿಯುಸ್ ಪೋಪರು ಪಿಯಾನೊ, ಡೋಲುಗಳನ್ನು ಇಗರ್ಜಿಯಿಂದ ಹೊರಗಿಟ್ಟರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆಯಾ ಜನರ ಸಂಗೀತಕ್ಕೆ ಆರಾಧನೆಯಲ್ಲಿ ಸ್ಥಾನ ಕೊಟ್ಟ ಮೇಲೆ ಕೊಂಕಣಿ ಹಾಡು ಬಂತು, ಕೆಲವೆಡೆ ಘುಮಟೆ ಎಂಬ ಮಣ್ಣಿನ ವಾದ್ಯವೂ ಬಂತು. ಒಂದು ವಾದ್ಯ ಹುಟ್ಟಿನಿಂದಲೇ ಪವಿತ್ರ, ಇನ್ನೊಂದು ಅಪವಿತ್ರ ಎನ್ನುವ ವಾದವನ್ನು ಈ ಚರಿತ್ರೆ ಒಪ್ಪುವುದಿಲ್ಲ.

ಮುಂದೆ ಪೋಪ್ ಆದ ಜೋಸೆಫ್ ರಾಟ್ಸಿಂಗರ್ 2000ದಲ್ಲಿ ಬಂದ ತಮ್ಮ ಪುಸ್ತಕದಲ್ಲಿ ರಾಕ್ ಸಂಗೀತವನ್ನು ಕ್ರೈಸ್ತ ಆರಾಧನೆಗೆ ವಿರುದ್ಧವಾದದ್ದೆಂದೇ ಕಂಡರು. ಲಯದ ಅಬ್ಬರದಲ್ಲಿ, ಗುಂಪಿನ ಉನ್ಮಾದದಲ್ಲಿ ಮನುಷ್ಯ ತನ್ನನ್ನೇ ಕಳೆದುಕೊಳ್ಳುತ್ತಾನೆಂಬುದು ಅವರ ಆತಂಕ. ಇದು ನನಗೆ ಅರ್ಧ ಮಾತ್ರ ಒಪ್ಪಿಗೆ. ಲಯ ಅಪರಾಧಿಯಲ್ಲ. ಧ್ವನಿವರ್ಧಕ ಮತ್ತು ವೇದಿಕೆ ಇವೆರಡನ್ನು ವಿಚಾರಿಸಬೇಕು.

ಗೋವಾದ ಹಳೆಯ ಇಗರ್ಜಿಯೊಳಗೆ ನಿಂತು ನೋಡಿ. ಕೆಂಪು ಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಎಷ್ಟೋ ಕಡೆ ಕಮಾನು ಚಾವಣಿ. ಇಲ್ಲಿ ಒಂದು ಸ್ವರ ಹಾಡಿದರೆ ಅದು ಕೂಡಲೇ ಅಡಗುವುದಿಲ್ಲ, ಮುಂದಿನ ಸ್ವರದ ಜೊತೆ ಬೆರೆತು ನಿಲ್ಲುತ್ತದೆ. ನಿಧಾನದ ಲ್ಯಾಟಿನ್ ಗಾಯನಕ್ಕೆ ಅದೇ ವರ. ತಪಸ್ಸುಕಾಲದ ಭಕ್ತಿಗೀತೆಗಳಾದ ಮೊತೆತ್‌ಗಳು ಪಿಟೀಲಿನೊಂದಿಗೆ ಎರಡು ಮೂರು ಕಂಠಗಳಲ್ಲಿ ಏಳುವಾಗ ಈ ಗೋಡೆಗಳೂ ಹಾಡುತ್ತವೆ. ಅಲ್ಲೇ ಆಂಪ್ಲಿಫೈಯರ್ ಹಚ್ಚಿ ಡ್ರಮ್ ಬಾರಿಸಿದರೆ ಒಂದು ಪೆಟ್ಟಿನ ಮೇಲೆ ಇನ್ನೊಂದು ಬಿದ್ದು ಎಲ್ಲ ರಾಡಿಯಾಗುತ್ತದೆ. ಹಾಡಿನ ಮಾತು ಮೂರನೇ ಬೆಂಚಿಗೇ ಕೇಳುವುದಿಲ್ಲ. ಪ್ರಾರ್ಥನೆಯ ಮಾತೇ ಕೇಳದಿದ್ದರೆ ಆ ಸಂಗೀತ ಎಷ್ಟು ಭಕ್ತಿಯಿಂದ ಹೊಮ್ಮಿದರೇನು?

ಅದಕ್ಕಿಂತ ದೊಡ್ಡ ವಿಷಯ ಹಾಡುವವರು ನಿಲ್ಲುವ ಜಾಗ. ಹಳಬರು ಗಾಯಕರಿಗೆ ಮುಖ್ಯ ಬಾಗಿಲ ಮೇಲಿನ ಅಟ್ಟ ಕೊಟ್ಟರು. ಹಾಡು ಬೆನ್ನ ಹಿಂದಿನಿಂದ ಬರುತ್ತದೆ, ಹಾಡುವವರ ಮುಖ ಯಾರಿಗೂ ಕಾಣುವುದಿಲ್ಲ, ಎಲ್ಲರ ಕಣ್ಣೂ ಬಲಿಪೀಠದ ಕಡೆಗೇ. ರಾಕ್ ಬ್ಯಾಂಡ್ ಎದುರಿಗೆ, ಪೀಠದ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಕಣ್ಣು ಅತ್ತ ಹೊರಳಿದ ಕೂಡಲೇ ಭಕ್ತರು ಪ್ರೇಕ್ಷಕರಾಗುತ್ತಾರೆ, ತಾವು ಹಾಡುವುದನ್ನು ಬಿಟ್ಟು ಕೇಳುತ್ತಾ ಕೂರುತ್ತಾರೆ. ನಿಜ, ಕಠಿಣವಾದ ಮೊತೆತ್ ಕೂಡ ಜನರ ಬಾಯಿ ಮುಚ್ಚಿಸುತ್ತದೆ. ಆದರೆ ಅದು ಗಾಯಕನ ಕಡೆಗೆ ಕಣ್ಣು ಸೆಳೆಯುವುದಿಲ್ಲ.

1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮೊದಲಾದ ಕ್ಯಾರಿಸ್ಮ್ಯಾಟಿಕ್ ನವೀಕರಣ ಎಂಬ ಕಥೋಲಿಕ ಪ್ರಾರ್ಥನಾ ಚಳವಳಿ ಚಪ್ಪಾಳೆಯ ಹಾಡುಗಳನ್ನು ನಮ್ಮ ಕರಾವಳಿಯವರೆಗೂ ತಂದಿತು. ಬಯಲಿನ ಸ್ತುತಿಕೂಟದಲ್ಲಿ, ಯುವಜನರ ಧ್ಯಾನಕೂಟದಲ್ಲಿ ಆ ಸಂಗೀತಕ್ಕೆ ಪೂರ್ಣ ಹಕ್ಕಿದೆ. ಅಲ್ಲಿ ಡ್ರಮ್ ಬಾರಿಸುವ ಹುಡುಗನ ಭಕ್ತಿಯನ್ನು ಅನುಮಾನಿಸುವವರ ಜೊತೆ ನಾನಿಲ್ಲ. ಪೂಜೆಗೂ ಅವನು ಬರಲಿ. ಆದರೆ ಆಂಪ್ಲಿಫೈಯರ್ ಆರಿಸಿ, ಕೊಂಕಣಿಯ ಮಾತು ಮುಂದಿಟ್ಟು, ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋಗಿ ನುಡಿಸಲಿ. ಪಾದ್ರಿಗಳು ರಾಕ್ ಬೇಕೋ ಬೇಡವೋ ಎಂದು ಜಗಳ ಬಿಡಿಸುತ್ತಾ ಕೂರುವ ಬದಲು ಮೊದಲು ಇಷ್ಟನ್ನು ಮಾಡಿಸಬೇಕು.