ಈಚಲ ಮೈಮೇಲಿನ ಕಚ್ಚು

ಸಿಡ್ನಿಯಲ್ಲಿರುವ ತಂಗಿಯ ಮಗ ಮೊನ್ನೆ ಒಂದು ಫೋಟೋ ಕಳಿಸಿದ. ಮರಳುಗಲ್ಲಿನ ಗುಡ್ಡ, ಬೆಂಕಿಗೆ ಕರಿಗಟ್ಟಿದ ಮೋಟು ಕಾಂಡ, ನೆತ್ತಿಯಲ್ಲಿ ಹಸಿರು ಹುಲ್ಲಿನ ಜುಟ್ಟು. ಅಲ್ಲಿ ಅದಕ್ಕೆ ಹುಲ್ಲುಮರ ಎನ್ನುತ್ತಾರಂತೆ. ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಕಾಡ್ಗಿಚ್ಚು ಹಾದುಹೋದ ಮೇಲೆ ಈಟಿಯಂಥ ಹೂಗೊನೆ ಎತ್ತುತ್ತದೆ. ‘ಮಾಮ, ನಮ್ಮ ಕಡೆ ಇಂಥದ್ದು ಇದೆಯಾ?’ ಎಂದು ಕೇಳಿದ್ದ. ಆಸ್ಟ್ರೇಲಿಯಾ ಬಿಟ್ಟರೆ ಅದು ಬೇರೆಲ್ಲೂ ತಾನಾಗಿ ಹುಟ್ಟುವುದಿಲ್ಲ. ನೆಂಟಸ್ತನ ಇಲ್ಲದಿದ್ದರೂ ಚಹರೆ ಹೋಲುವ ಒಂದು ಮರ ನಮ್ಮಲ್ಲೂ ಉಂಟು, ಊರಿಗೆ ಬಂದಾಗ ಈಚಲು ನೋಡು ಅಂದೆ.

ಜಗಳೂರಿನ ಒಣ ಹಳ್ಳದ ದಂಡೆ, ಹೊನ್ನಾಳಿ–ನ್ಯಾಮತಿ ಕಡೆಯ ಹೊಲದ ಬದು, ಎಲ್ಲಿ ಕಂಡರೂ ಈಚಲನ್ನು ನಿಂತು ನೋಡುವವರು ಕಡಿಮೆ. ಅದರ ನೆರಳಲ್ಲಿ ಮಜ್ಜಿಗೆ ಕುಡಿದವನಿಗೂ ಕೆಟ್ಟ ಹೆಸರು ತಾನೆ! ಹತ್ತಿರ ಹೋದರೆ ಮೊದಲು ಮುಳ್ಳು. ಗರಿಯ ಬುಡದ ಎಸಳುಗಳೇ ಸೂಜಿಯಾಗಿ ನಿಂತಿರುತ್ತವೆ. ಗಂಡು ಬೇರೆ, ಹೆಣ್ಣು ಬೇರೆ. ಹಣ್ಣು ಬಿಡದ್ದನ್ನು ಗೊಡ್ಡು ಎಂದು ಬೈಯಬೇಡಿ, ಅದು ಗಂಡಿರಬಹುದು. ಹಣ್ಣಿನಲ್ಲಿ ತಿರುಳಿಗಿಂತ ಬೀಜವೇ ದಪ್ಪ, ಆದರೂ ಕರಡಿಗೆ ಅದೆಂದರೆ ಪ್ರಾಣ. ಗೀಜಗ ಇದರ ಗರಿ ಸೀಳಿ, ಇದರ ತುದಿಗೇ ಗೂಡು ನೇಯುತ್ತದೆ. ಅದೇ ಗರಿ ನಮ್ಮ ಮನೆಗಳಿಗೆ ಚಾಪೆಯಾಗಿ, ಪೊರಕೆಯಾಗಿ ಬಂದಿದೆ.

ನನ್ನ ಕಣ್ಣು ಹೋಗುವುದು ಮಾತ್ರ ಕಾಂಡದ ಮೇಲಿನ ಕಚ್ಚಿಗೆ. ಹೆಂಡ ಇಳಿಸುವವರು ಚಳಿಗಾಲದಲ್ಲಿ ಮರ ಹತ್ತಿ, ಸುಳಿಯ ಕೆಳಗೆ ಒಂದು ಮಗ್ಗುಲಿನ ಗರಿ ತೆಗೆದು, ಎಳೆ ಮೈ ಕೆತ್ತಿ ಗಡಿಗೆ ಕಟ್ಟುತ್ತಿದ್ದರು. ಮುಂದಿನ ವರ್ಷ ಕೆತ್ತನೆ ಎದುರು ಮಗ್ಗುಲಿಗೆ. ಹೀಗೆ ಎಡ ಬಲ ಎಡ ಬಲ ಏರುತ್ತ ಹೋದ ಕಚ್ಚುಗಳಿಂದ ಮರ ಡೊಂಕುಡೊಂಕಾಗಿ ಕಾಣುತ್ತದೆ. ಒಂದು ಕಚ್ಚು ಒಂದು ವರ್ಷದ ದುಡಿಮೆ. ಕೆತ್ತುವ ಮೊದಲು ಮರ ಬೆಳೆದ ಕೆಲವು ವರ್ಷ ಸೇರಿಸಿಕೊಂಡರೆ ವಯಸ್ಸಿನ ಅಂದಾಜೂ ಸಿಗುತ್ತದೆ. ಕೈ ಪಳಗಿದವನ ಕಚ್ಚು ಆಳ ಹೋಗಿರುವುದಿಲ್ಲ. ಆಸೆಗೆ ಬಿದ್ದು ಆಳ ಕೆತ್ತಿದರೆ ಮರ ಸೊರಗುತ್ತದೆ.

ಚನ್ನಗಿರಿಯಲ್ಲಿ ಈಗ ಎತ್ತ ನೋಡಿದರೂ ಅಡಿಕೆ. ಅಡಿಕೆಯೂ ಈಚಲೂ ತಾಳೆಯ ಕುಟುಂಬದ ದಾಯಾದಿಗಳು. ಒಂದಕ್ಕೆ ಬೋರ್‌ವೆಲ್ ಕೊರೆಸುತ್ತೇವೆ, ಟ್ಯಾಂಕರ್ ತರಿಸುತ್ತೇವೆ. ತೊಟ್ಟು ನೀರು ಕೇಳದ ಇನ್ನೊಂದನ್ನು ಜೆಸಿಬಿ ತಂದು ಕೀಳಿಸುತ್ತೇವೆ. ಅಡಿಕೆ ಬೇಡ ಅನ್ನುವಷ್ಟು ದಡ್ಡ ನಾನಲ್ಲ. ಹಳ್ಳದ ದಂಡೆಯನ್ನಾದರೂ ಈಚಲಿಗೆ ಬಿಡಬಹುದಿತ್ತು.

ಸೂಳೆಕೆರೆಯಿಂದ ಬರುವಾಗ ಒಂದು ತೋಟದ ಬೇಲಿಯಾಚೆ ಒಂಟಿ ಈಚಲು ಕಂಡು ಬೈಕ್ ನಿಲ್ಲಿಸಿದೆ. ಹದಿನೇಳು ಕಚ್ಚು ಎಣಿಸಿದೆ. ಅದರ ಮೇಲೆ ಎರಡಾಳು ಎತ್ತರ ಕತ್ತಿಯ ಗುರುತಿಲ್ಲ, ಮರ ನೆಟ್ಟಗೆ ಹೋಗಿದೆ.