ಗೆರೆ ಎಳೆದವರೆಲ್ಲ ಕಪ್ಪ ಕೊಡಬೇಕೆ?

ಅಮೆರಿಕದಲ್ಲಿ ಸಣ್ಣ ವಿಮಾನ ಹಾರಿಸುವವರು ಹೊರಡುವ ಮುನ್ನ ಮಾಡಿಕೊಂಡು ಬಂದ ಕೆಲಸವೊಂದಿದೆ. ಸೆಕ್ಷನಲ್ ಚಾರ್ಟ್ ಎಂಬ ವಿಮಾನಯಾನದ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಏರುವ ನಿಲ್ದಾಣದಿಂದ ಇಳಿಯುವ ನಿಲ್ದಾಣಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು. ಬೆಟ್ಟವೋ ನಿರ್ಬಂಧಿತ ವಾಯುಪ್ರದೇಶವೋ ಅಡ್ಡ ಬಂದರೆ ಗೆರೆಯನ್ನು ಬಳಸಿ ಒಯ್ದು ದೂರ, ದಿಕ್ಕು, ಇಂಧನದ ಲೆಕ್ಕ ಹಾಕುವುದು. ಇದನ್ನು ಇಂಟರ್ನೆಟ್ ಮೂಲಕ ಪರದೆಯ ಮೇಲೆ ಮಾಡುವ ವಿಧಾನ ತನ್ನದೆಂದು ಒರೆಗನ್ ರಾಜ್ಯದ ಫ್ಲೈಟ್‌ಪ್ರೆಪ್ ಕಂಪನಿ ಹೇಳಿತು. 2001ರ ಅರ್ಜಿಗೆ 2009ರ ಡಿಸೆಂಬರ್‌ನಲ್ಲಿ ಪೇಟೆಂಟ್ ಸಿಕ್ಕಿತು. ಸಂಖ್ಯೆ 7,640,098.

ಮರುವರ್ಷವೇ ಇಂಥ ಸೇವೆ ಕೊಡುತ್ತಿದ್ದ ಜಾಲತಾಣಗಳಿಗೆ ನೋಟಿಸುಗಳು ಹೊರಟವು. ಸ್ಕೈವೆಕ್ಟರ್ ಲೈಸೆನ್ಸ್ ಪಡೆಯಿತು. ಒಬ್ಬನೇ ವ್ಯಕ್ತಿ ಉಚಿತವಾಗಿ ನಡೆಸುತ್ತಿದ್ದ ರನ್‌ವೇಫೈಂಡರ್ ಬಾಗಿಲು ಹಾಕಿತು. ಅದರ ಮೇಲೆ ಹೊರಿಸಿದ ನಷ್ಟದ ಲೆಕ್ಕವನ್ನು ನೋಡಿ: ತಾಣಕ್ಕೆ ಬಂದವರ ಸಂಖ್ಯೆಯನ್ನು ಕಂಪನಿಯ ಸಾಫ್ಟ್‌ವೇರ್ ಬೆಲೆಯಿಂದ ಗುಣಿಸಿ ತಿಂಗಳಿಗೆ 30 ಲಕ್ಷ ಡಾಲರಿಗೂ ಹೆಚ್ಚು! ಪುಕ್ಕಟೆ ನಕ್ಷೆ ನೋಡಿದವರೆಲ್ಲ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು ಎಂಬ ಈ ವಾದವನ್ನು ಒಪ್ಪಲು ನನ್ನಿಂದಾಗದು.

2001ರಲ್ಲಿ ಗೂಗಲ್ ಮ್ಯಾಪ್ಸ್ ಇರಲಿಲ್ಲ, ಬ್ರೌಸರುಗಳು ನಿಧಾನವಾಗಿದ್ದವು. ಫ್ಲೈಟ್‌ಪ್ರೆಪ್‌ನವರು ದುಡಿದಿದ್ದಾರೆ, ಅದನ್ನು ಅಲ್ಲಗಳೆಯಲಾಗದು. ಆದರೆ ಮ್ಯಾಪ್‌ಕ್ವೆಸ್ಟ್ 1996ರಲ್ಲೇ ವೆಬ್‌ನಲ್ಲಿ ರಸ್ತೆಯ ದಾರಿ ತೋರಿಸುತ್ತಿತ್ತು. ಪೈಲಟ್‌ಗಳ ಕಂಪ್ಯೂಟರುಗಳಲ್ಲಿ ಹಾರಾಟದ ಯೋಜನೆ ಹಾಕಿಕೊಡುವ ಸಾಫ್ಟ್‌ವೇರ್ ಆ ಹೊತ್ತಿಗಾಗಲೇ ಇತ್ತು. ಇವೆರಡನ್ನೂ ಜೋಡಿಸುವುದು ಆ ಕಸುಬು ಬಲ್ಲ ಯಾರಿಗೂ ಹೊಳೆಯಬಹುದಾದ ಮುಂದಿನ ಹೆಜ್ಜೆ. ಗೊತ್ತಿದ್ದ ಅಂಶಗಳ ಇಂಥ ಜೋಡಣೆಗೆ ಸುಲಭವಾಗಿ ಪೇಟೆಂಟ್ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2007ರ ಕೆಎಸ್ಆರ್ ತೀರ್ಪಿನಲ್ಲಿ ಹೇಳಿಯೂ ಇತ್ತು.

ಇನ್ನೂ ನೋವಿನ ಸಂಗತಿ ನಕ್ಷೆಯದು. ಆ ಚಾರ್ಟ್‌ಗಳನ್ನು ರಚಿಸುವುದು ಸರ್ಕಾರಿ ವಿಮಾನಯಾನ ಸಂಸ್ಥೆ ಎಫ್‌ಎಎ. ಫೆಡರಲ್ ಸರ್ಕಾರದ ಕೃತಿಗಳಿಗೆ ಅಲ್ಲಿ ಕೃತಿಸ್ವಾಮ್ಯವಿಲ್ಲ. ಸುರಕ್ಷಿತ ಹಾರಾಟಕ್ಕೆಂದು ಎಲ್ಲರಿಗೂ ಮುಕ್ತವಾಗಿಟ್ಟ ನಕ್ಷೆಯ ಸುತ್ತ ಖಾಸಗಿ ಬೇಲಿ ಬಿತ್ತು.

ಕೊಟ್ಟ ಪೇಟೆಂಟ್ ಸಿಂಧುವೆಂದೇ ಅಲ್ಲಿನ ಕಾನೂನು ನಂಬಿ ಹೊರಡುತ್ತದೆ. ಅಲ್ಲವೆಂದು ಬಲವಾದ ಸಾಕ್ಷ್ಯದಿಂದ ತೋರಿಸುವ ಹೊರೆ, ವಕೀಲರ ಖರ್ಚು ಸಮೇತ, ಎದುರಾಳಿಯದು. ಹವ್ಯಾಸಕ್ಕೆ ತಾಣ ನಡೆಸುವವನು ಅದನ್ನು ಹೊರುವುದು ಹೇಗೆ? ಈ ಪೇಟೆಂಟ್ ಕೊಡಲೇಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ಕೋರ್ಟಿಗೆ ಹೋಗದೆ, ಕಡಿಮೆ ಖರ್ಚಿನಲ್ಲಿ ಪೇಟೆಂಟ್ ಕಚೇರಿಯಲ್ಲೇ ಸಿಂಧುತ್ವವನ್ನು ಪ್ರಶ್ನಿಸುವ ಹೊಸ ವ್ಯವಸ್ಥೆ ಜಾರಿಗೆ ಬಂದದ್ದು 2012ರ ಸೆಪ್ಟೆಂಬರ್‌ನಲ್ಲಿ. ರನ್‌ವೇಫೈಂಡರ್‌ಗೆ ಅದರಿಂದ ಪ್ರಯೋಜನವಾಗಲಿಲ್ಲ.